ಮೊಬೈಲಿಗೆ ಮಾರಿ ತೊಳೆಸುವ ನಮ್ಮಕ್ಕ

ನಮ್ಮ ಅಕ್ಕನಿಗೆ ಹುಚ್ಚು ಹಿಡಿದಿದೆ ಎಂದು ನಾನಂತೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಬೀಳಗಿ ತಾಲೂಕಿನ ಅರ್ಧ ಜನ ಆಗಲೇ ಹೇಳಿ ಮುಗಿಸಿದ್ದಾರೆ. ಇನ್ನರ್ಧ ಜನ ಯಾಕೆ ಸುಮ್ಮನಿದ್ದಾರೆ ಅಂತೀರಾ? ಅವರ ಮೊಬೈಲು ಇನ್ನೂ ಅಕ್ಕನ ಬುಟ್ಟಿಯಲ್ಲಿದೆ!

ಬುಟ್ಟಿ ಎಂದರೆ ರೊಟ್ಟಿ ಇಡುವ ಬಿದಿರಿನ ಬುಟ್ಟಿ. ಅಕ್ಕನ ಮನೆಯ ತಲೆಬಾಗಿಲ ಪಕ್ಕದ ಮೊಳೆಗೆ ಅದು ತೂಗಿಬಿದ್ದಿರುತ್ತದೆ. ಕೆಳಗೆ ಚಪ್ಪಲಿಗಳ ಸಾಲು, ಮೇಲೆ ಮೊಬೈಲಿನ ಬುಟ್ಟಿ. ಬಂದವರು ಚಪ್ಪಲಿ ಬಿಟ್ಟು, ಮೊಬೈಲನ್ನು ಬುಟ್ಟಿಗೆ ಹಾಕಿ, ಸಾಬೂನು ಹಚ್ಚಿ ಕೈ ತೊಳೆದು ಒಳಗೆ ಹೋಗಬೇಕು. ಬೀಗರಿರಲಿ, ಪಂಚಾಯಿತಿ ಮೆಂಬರಿರಲಿ, ಯಾರಿಗೂ ರಿಯಾಯಿತಿ ಇಲ್ಲ. ಚಹಾ ಬೇಕಾದರೆ ಈ ದಾರಿ, ಬೇಡವಾದರೆ ಬಂದ ದಾರಿ.

“ಅರ್ಜೆಂಟ್ ಫೋನ್ ಬರೂದೈತ್ರಿ ಅಕ್ಕಾರ,” ಎಂದು ಯಾರಾದರೂ ಗೋಗರೆದರೆ ಅಕ್ಕ ಹೇಳುತ್ತಿದ್ದಳು: “ಬರಲಿ. ಬಂದ್ರ ಬುಟ್ಟಿ ಹೇಳತೈತಿ.”

ಬುಟ್ಟಿ ಹೇಳುವುದೇನು, ಕಿರುಚುತ್ತಿತ್ತು! ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಒಂದೇ ಸಿನಿಮಾದ ಒಂದೇ ಹಾಡು. ಊಟಕ್ಕೆ ಕೂತ ಪಂಕ್ತಿಯಲ್ಲಿ ಬುಟ್ಟಿ ಒಮ್ಮೆ ಹಾಡಿತೆಂದರೆ, ಬಾಯಲ್ಲಿ ತುತ್ತಿಟ್ಟುಕೊಂಡೇ ಎಲ್ಲರೂ ಎದ್ದು ಓಡುವವರು. ಹಾಗೆ ಓಡಿದ ಒಬ್ಬರು ಬೇರೆಯವರ ಮೊಬೈಲು ಎತ್ತಿಕೊಂಡು ಮುಧೋಳಕ್ಕೆ ಹೋಗಿಬಿಟ್ಟರು. ದಾರಿಯಲ್ಲಿ ಪರರ ಹೆಂಡತಿಯಿಂದ ಬೈಗುಳ ತಿಂದ ಮೇಲೆಯೇ ಅವರಿಗೆ ಗೊತ್ತಾಗಿದ್ದು. “ನನ್ನ ಹೇಣ್ತಿ ಇಷ್ಟ ಸಣ್ಣ ದನೀಲೆ ಬೈಯೂದಿಲ್ಲಲ್ಲಾ ಅಂತ ಡೌಟ್ ಬಂತ್ರಿ,” ಎಂದು ಮೊಬೈಲು ವಾಪಸು ತಂದರು.

ಈ ಕಾಯಿದೆ ಹುಟ್ಟಿದ್ದು ಹೇಗೆಂದರೆ, ಒಮ್ಮೆ ಸರಕಾರಿ ದವಾಖಾನೆಯ ನರ್ಸಬಾಯಿ ಊರಿನ ಮಹಿಳಾ ಸಂಘಕ್ಕೆ ಬಂದು ಕೈ ತೊಳೆಯುವುದನ್ನು ಕಲಿಸಿದರಂತೆ. ಹೋಗುವಾಗ ಒಂದು ಮಾತು ಹೇಳಿದರಂತೆ: ಕೈ ಎಷ್ಟು ತೊಳೆದರೂ ಮರುಗಳಿಗೆ ಮೊಬೈಲು ಹಿಡಿದರೆ ಆತು, ಕಣ್ಣಿಗೆ ಕಾಣದ ಹುಳಗಳು ಅದರ ಮೇಲೆ ಸಂತೆ ನೆರೆಸಿರುತ್ತವೆ. ಉಳಿದ ಹೆಂಗಸರು ಅದನ್ನು ಕೇಳಿ ಮನೆಗೆ ಹೋಗಿ ಮರೆತರು. ನಮ್ಮಕ್ಕ ಕೇಳಿ ಮನೆಗೆ ಬಂದು ಮೊಳೆ ಹೊಡೆದಳು.

ಅವಳು ವಾದಕ್ಕೆ ನಿಂತರೆ ಮುಗಿಯಿತು. ಒಮ್ಮೆ ಜಗಲಿಯ ಮೇಲೆ ಕೂತಿದ್ದ ಗಂಡಸರಿಗೆಲ್ಲ ಹೇಳಿದಳು: “ಮುಂಜಾನೆ ಬಯಲಕಡಿಗೆ ಹೋಗ್ತೀರಿ. ಒಂದು ಕೈಯಾಗ ಚರಗಿ, ಇನ್ನೊಂದು ಕೈಯಾಗ ಮೊಬೈಲು. ತಿರಗಿ ಬಂದಿಂದ ಚರಗಿ ಹೊರಗ ಇಡ್ತೀರಿ, ಬೂದಿ ಹಚ್ಚಿ ತಿಕ್ಕತೀರಿ, ಕೈ ತೊಳಕೋತೀರಿ. ಮೊಬೈಲು ಮಾತ್ರ ಸೀದಾ ಅಡಗಿಮನಿಗೆ ಬರತೈತಿ. ಯಾಕ, ಅದೇನು ನಿಮ್ಮನಿ ಅಳಿಯಾ ಏನು?”

ಇದಕ್ಕೆ ಉತ್ತರ ಕೊಡುವ ಗಂಡಸು ಕೃಷ್ಣಾ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ. ನನಗಂತೂ ಬಾಯಿಯೇ ಇರಲಿಲ್ಲ. ಯಾಕೆಂದರೆ ಅಕ್ಕ ಹೇಳುವುದು ಖರೆ ಎಂಬುದು ಈ ಸೀಮೆಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ನನಗೆ. ನಾನು ಸಾಲೆ ಕಲಿತದ್ದು ಏಳನೇ ಇಯತ್ತೆಯವರೆಗೆ. ಮುಂದಿನದೆಲ್ಲ ಸ್ಕ್ರೂಡ್ರೈವರ್ ಕಲಿಸಿದ್ದು. ಜಮಖಂಡಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ, ನಾನು ಒಳಗೆ ಕೂತರೆ ಗಿರಾಕಿ ಹೊರಗೆ ನಿಲ್ಲಬೇಕು, ಅಷ್ಟು ದೊಡ್ಡದು. ಅಲ್ಲಿ ಮೊಬೈಲು ಬಿಚ್ಚಿದ ಕೂಡಲೇ ಅದರ ಮಾಲೀಕ ಯಾವ ಕಡೆಯವನು ಎಂದು ಹೇಳಬಲ್ಲೆ. ಗುಂಡಿಗಳ ಕೆಳಗೆ ನೂಲಿನ ಧೂಳು ಗಾದಿಯಂತೆ ಹಾಸಿಕೊಂಡಿದ್ದರೆ ಬನಹಟ್ಟಿಯ ಮಗ್ಗದ್ದು. ಸಂದಿಯಲ್ಲಿ ಬೆಲ್ಲ ಅಂಟಿ, ಇರುವೆಗಳು ಸಂಸಾರ ಹೂಡಿದ್ದರೆ ಮುಧೋಳದ ಗಾಣದ ಮನೆಯದು. ತಂಬಾಕಿನ ಚೂರು, ಸುಣ್ಣದ ಕಲೆ ಇದ್ದರೆ ಇಲ್ಲೇ ಕೋರ್ಟಿನ ಮುಂದಿನ ಕಟ್ಟೆಯದು. ಇದನ್ನೆಲ್ಲ ಬಾಯಿಂದ ‘ಉಫ್’ ಎಂದು ಊದಿ, ಅದೇ ಕೈಯಲ್ಲಿ ಗಿರಮಿಟ್ಟು ತಿನ್ನುವ ಪುಣ್ಯಾತ್ಮ ನಾನು! ಇಂಥವನು ಅಕ್ಕನನ್ನು ನೋಡಿ ನಗಬಹುದೇ?

ನಕ್ಕೆ. ಆ ನಗೆಯ ವಿಷಯವನ್ನೇ ನಾನು ಹೇಳಬೇಕಾಗಿರುವುದು. ಆದರೆ ಅದನ್ನು ಹೇಳಲು ನಾಚಿಕೆಯಾಗಿ, ಇನ್ನೆರಡು ಮೋಜಿನ ಸಂಗತಿ ಮೊದಲು ಹೇಳಿಬಿಡುತ್ತೇನೆ.

ಮೊದಮೊದಲು ಅಕ್ಕ ಮೊಬೈಲನ್ನು ಬರೀ ಹೊರಗಿಡುತ್ತಿದ್ದಳು. ಹೊರಗಿಟ್ಟರೆ ಹುಳ ಸಾಯುತ್ತವೆಯೇ? ಒಂದು ದಿನ ಅವಳಿಗೇ ಅನುಮಾನ ಬಂತು. ಮಾವ, ಅಂದರೆ ಅಕ್ಕನ ಗಂಡ, ಹೊಲದಿಂದ ಬಂದು ಜಳಕಕ್ಕೆ ಹೋದಾಗ ಅವನ ಮೊಬೈಲನ್ನು ಸಾಬೂನು ನೀರಲ್ಲಿ ಅದ್ದಿ ತಿಕ್ಕಿದಳು. ತಿಕ್ಕಿದ್ದೇನೋ ಸರಿ, ಒಣಗಬೇಕಲ್ಲ? ರೊಟ್ಟಿ ಬಡಿಯುವುದು ಆಗಷ್ಟೇ ಮುಗಿದಿತ್ತು. ಒಲೆ ಆರಿದ್ದರೂ ಹಂಚು ಇನ್ನೂ ಬಿಸಿ ಇತ್ತು. ಮೊಬೈಲನ್ನು ಹಂಚಿನ ಮೇಲಿಟ್ಟು, ಮೇಲೊಂದು ಅರಿವೆ ಮುಚ್ಚಿ, ನೀರು ತರಲು ಹೋದಳು.

ಮರುದಿನ ಮಾವ ಅದನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ. ಬಿಚ್ಚಿ ನೋಡಿದರೆ ಬ್ಯಾಟರಿ ಒಳ್ಳೆ ಜೋಳದ ರೊಟ್ಟಿಯಂತೆ ಉಬ್ಬಿ ನಿಂತಿದೆ!

“ಎರಡೂ ಮಗ್ಗಲಾ ಬೆಂದೈತ್ಯೋ, ಒಂದ ಮಗ್ಗಲಾ ನೋಡು,” ಎಂದ ಮಾವ. ಮಾವ ಮಾತಾಡುವುದು ಕಡಿಮೆ, ಆಡಿದರೆ ಹೀಗೆ.

ನಾನು ಅಕ್ಕನಿಗೆ ಫೋನು ಮಾಡಿದೆ. ಪಕ್ಕದ ಮನೆಯವರ ಮೊಬೈಲಿಗೆ ಮಾಡಿದೆ ಅನ್ನಿ. ಅದನ್ನು ಅವರು ಅವಳ ಕಿವಿಯ ಹತ್ತಿರ ಹಿಡಿಯಬೇಕು, ಇವಳು ಮುಟ್ಟುವುದಿಲ್ಲ. ಅಕ್ಕ ಕೇಳಿದ ಮೊದಲ ಪ್ರಶ್ನೆ: “ತಮ್ಮಾ, ಹುಳಾ ಸತ್ತಾವೋ ಇಲ್ಲೋ?”

“ಹುಳದ ಸುದ್ದಿ ಬಿಡು ಬೇ, ಮೊಬೈಲ ಸತ್ತೈತಿ!”

“ಹಂಗಾದ್ರ ಹುಳಾನೂ ಸತ್ತಿರಬೇಕು,” ಎಂದು ಅಕ್ಕ ಸಮಾಧಾನದ ಉಸಿರುಬಿಟ್ಟಳು.

ಆಮೇಲೆ ನಾನೇ ಊರಿಗೆ ಹೋಗಿ, ಮೊಬೈಲಿನೊಳಗಿನ ಬೋರ್ಡು ತೊಳೆಯುವ ಸ್ಪಿರಿಟ್ಟಿನ ಸಣ್ಣ ಬಾಟಲಿ ಕೊಟ್ಟು, ಮೆತ್ತಗಿನ ಅರಿವೆಗೆ ಎರಡು ಹನಿ ಹಾಕಿ ಒರೆಸುವುದನ್ನು ಕಲಿಸಿದೆ. ಕಲಿಸಿದ್ದೇ ತಪ್ಪಾಯಿತು ನೋಡಿ. ಅಂದಿನಿಂದ ಬುಟ್ಟಿಗೆ ಬಿದ್ದ ಮೊಬೈಲಿಗೆಲ್ಲ ಮಾರಿ ತೊಳೆಸುವುದು ಶುರುವಾಯಿತು. ಮಠದ ಅಜ್ಜಾರು ಪಾದಪೂಜೆಗೆ ಬಂದ ದಿನ, ಮಣೆಯ ಮೇಲೆ ಕೂಡ್ರಿಸಿ ಭಕ್ತಿಯಿಂದ ಪಾದ ತೊಳೆದ ಅಕ್ಕ, ಅವರ ಉಡಿಯಿಂದ ಇಣುಕುತ್ತಿದ್ದ ಮೊಬೈಲನ್ನು ನೋಡಿ ಕೈಯೊಡ್ಡಿಯೇಬಿಟ್ಟಳು. ಮಾವ ಅವಳ ಸೆರಗು ಜಗ್ಗಿದ. ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಾರು ಮಾತ್ರ ನಗುತ್ತಲೇ ಕೊಟ್ಟರು: “ತೊಗೋ ತಂಗೀ, ತೊಳಿ. ಆದ್ರ ಪಾದೋದಕ ಅಂತ ಈ ನೀರು ಕುಡಿಸೀಯ ಮತ್ತ!”

ಇಷ್ಟು ಸಾಕು. ಇನ್ನು ಮೋಜು ಹೇಳುತ್ತ ಹೋದರೆ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದಾಗುತ್ತದೆ.

ನಮ್ಮ ಹಳೆಯ ಊರು ಅನಗವಾಡಿಯ ಕಡೆ, ಹೊಳೆಯ ಹತ್ತಿರವೇ ಇತ್ತು. ಆಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಊರು ಖಾಲಿ ಮಾಡಿಸಿದಾಗ ನಾನು ಇನ್ನೂ ಸಾಲೆಗೆ ಹೋಗದ ಹುಡುಗ. ಅಪ್ಪ ಅದಕ್ಕೂ ಮೊದಲೇ ತೀರಿಹೋಗಿದ್ದ. ಮೇಲಿನ ಹೊಸ ಜಾಗದಲ್ಲಿ ಮನೆಗಳು ಏಳುವವರೆಗೆ ಎಲ್ಲರೂ ತಗಡಿನ ಶೆಡ್ಡಿನಲ್ಲಿದ್ದರು. ನೀರು ಒಂದೇ ಕಡೆ, ಮಂದಿ ನೂರಾರು. ಅಲ್ಲಿ ವಾಂತಿಭೇದಿ ಹೊಕ್ಕಿತು. ಅವ್ವನಿಗೂ ಬಂತು, ನನಗೂ ಬಂತು. ನಾನು ಉಳಿದೆ.

ಅಕ್ಕ ಆಗ ಇನ್ನೂ ಹುಡುಗಿ. ಯಾರ ಕೈಯಿಂದ, ಯಾವ ಕೊಡದಿಂದ ಅದು ನಮ್ಮ ಶೆಡ್ಡಿಗೆ ಬಂತೆಂದು ಅವಳಿಗೆ ಯಾರೂ ಹೇಳಲಿಲ್ಲ, ಹೇಳುವುದಾದರೂ ಹೇಗೆ? ಅದಕ್ಕೇ ಇರಬೇಕು, ಅಂದಿನಿಂದ ಅವಳಿಗೆ ಎಲ್ಲ ಕೈಗಳ ಮೇಲೂ ಅನುಮಾನ, ಎಲ್ಲ ಕೊಡಗಳ ಮೇಲೂ ಅನುಮಾನ. ಮುಂದೆ ಲಗ್ನವಾಗಿ ಅದೇ ಊರಿನ ಮಾವನ ಮನೆಗೆ ಹೋಗುವಾಗ ಅವಳು ತೆಗೆದುಕೊಂಡು ಹೋದದ್ದು ಒಂದು ಹಾಸಿಗೆ ಸುರುಳಿ, ಒಂದು ತಾಮ್ರದ ಹಂಡೆ, ಮತ್ತು ನಾನು. ಹಂಡೆಯಲ್ಲಿ ನೀರು ಕುದಿಸಿ ಆರಿಸಿ ನನಗೆ ಕುಡಿಸಿದಳು. ನನ್ನ ಉಗುರಿನ ಸಂದಿಯನ್ನು ದಿನಾಲೂ ಕಡ್ಡಿಯಿಂದ ಕೆದರಿದಳು. ಇದನ್ನೆಲ್ಲ ಬಲ್ಲವನು ಏನು ಮಾಡಿದ, ಕೇಳಿ.

ಮಾವನ ತಂಗಿಯ ಕುಬಸ. ಬಸುರಿಗೆ ಸೀರೆ ಉಡಿಸಿ ಬಳೆ ತೊಡಿಸುವ ಕಾರ್ಯ. ಮನೆ ತುಂಬ ಬೀಗರು, ಬುಟ್ಟಿ ತುಂಬ ಮೊಬೈಲು. ನನ್ನದು ಮಾತ್ರ ಬುಟ್ಟಿಯಲ್ಲಿರಲಿಲ್ಲ. ಹೊಸ ಕ್ಯಾಮೆರಾ ಮೊಬೈಲು, ಅಂಗಿಯೊಳಗೆ ಬನಿಯನ್ನಿನ ಸಂದಿಯಲ್ಲಿ ಅಡಗಿಸಿಕೊಂಡು ಒಳಗೆ ಹೋಗಿದ್ದೆ. ಅಕ್ಕ ಹೊರಗೆ ಜಗಲಿಯಲ್ಲಿ ಕೂತು, ಒಂದೊಂದೇ ಮೊಬೈಲು ಎತ್ತಿ, ಕೂಸಿನ ಮಾರಿ ಒರೆಸಿದ ಹಾಗೆ ಒರೆಸುತ್ತ ಬೈಯುತ್ತಿದ್ದಳು. ಸುತ್ತ ಯಾರೂ ಇಲ್ಲವೆಂದು ತಿಳಿದಿದ್ದಳು.

“ಎಲ್ಲಿ ಹೋಗಿದ್ದಿ ಬೇ ಮುಂಜಾನೆದ್ದು? ಗಟಾರಕ್ಕೇನು? ಯಾರ್ಯಾರ ಕಿವಿ ನೆಕ್ಕಿ ಬಂದೀ? ಹೊಟ್ಟೀಲಿದ್ದ ಹೆಣ್ಮಗಳು ಕುಂತಾಳ ಒಳಗ, ನಿನ್ನ ಹೊಲಸ ಆಕೀಗೆ ಹತ್ತಬೇಕೇನು? ಹೂಂ, ಮಾತಾಡು! ದಿನಾ ಒದರತೀದಿ, ಈಗ್ಯಾಕ ಬಾಯಿಲ್ಲಾ?”

ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ತೆಗೆದೆ. ನಗು ತಡೆಯಲು ಸೆಣಸಿದ ನನ್ನ ಉಸಿರೂ ಅದರಲ್ಲಿ ಸೇರಿಕೊಂಡಿತು.

ಆಗಿನ ನಮ್ಮ ದಂಧೆ ಗೊತ್ತಿದ್ದವರಿಗೆ ಮುಂದಿನದು ಗೊತ್ತಾಗುತ್ತದೆ. ಹಳ್ಳಿಯವರು ರಿಪೇರಿಗಿಂತ ಹೆಚ್ಚಾಗಿ ಬರುತ್ತಿದ್ದುದು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು. ಭಜನೆ ಬೇಕೇ, ಸಿನಿಮಾ ಹಾಡು ಬೇಕೇ, ಕಾಮಿಡಿ ಬೇಕೇ? ನಾನು ಕಂಪ್ಯೂಟರಿನಿಂದ ಎತ್ತಿ ಕಾರ್ಡಿಗೆ ಸುರಿಯುತ್ತಿದ್ದೆ. ಅಕ್ಕನನ್ನು ಕಾಮಿಡಿಯಲ್ಲಿ ಹಾಕಿದೆ. ಕೆಟ್ಟದ್ದು ಮಾಡಬೇಕೆಂದಲ್ಲ, ಒಬ್ಬ ಗೆಳೆಯನಿಗೆ ತೋರಿಸಿದೆ, ಅವನು ಬಿದ್ದು ಬಿದ್ದು ನಕ್ಕ, ನನಗೆ ಹುರುಪು ಬಂತು. ಅಷ್ಟೇ. ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಅಕ್ಕ ಬೈದಳು. ಮುಧೋಳದ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಬೈದಳು. ಕಾಲೇಜಿನ ಹುಡುಗರ ಜೇಬಿನಲ್ಲಿ ಬೈದಳು. ಕೈಯಿಂದ ಕೈಗೆ ರೋಗ ದಾಟುವುದನ್ನು ತಡೆಯಲು ಹೆಣಗಿದವಳನ್ನು ನಾನು ಕೈಯಿಂದ ಕೈಗೆ ದಾಟಿಸಿದೆ.

ಒಂದು ದಿನ ಮುಧೋಳದ ಗಿರಾಕಿಯೊಬ್ಬ ಅದನ್ನು ನನಗೇ ತೋರಿಸಿದ. “ನೋಡ್ರಿ ಅಣ್ಣಾರ, ಎಂಥಾ ಹುಚ್ಚಿ! ಯಾರ್ರೀ ಈಕಿ, ನಿಮ್ಮ ಕಡಿಯಾಕೇನು?”

“ಯಾರೋ ಏನೋ,” ಎಂದೆ.

ಈ ಎರಡು ಮಾತು ಆಡಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ವಿಡಿಯೋ ತೆಗೆದದ್ದಕ್ಕೆ ಹುಡುಗಾಟ ಎನ್ನಬಹುದು. ಇದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗಬೇಕಾದದ್ದು ಆಯಿತು. ಅಕ್ಕ ಬೀಳಗಿಯ ಸಂತೆಯಿಂದ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟಿನಿಂದ ತನ್ನದೇ ದನಿ ಕೇಳಿದಳು. ಜೊತೆಗೆ ಹುಡುಗರ ನಗು. ತಿರುಗಿ ನೋಡಲಿಲ್ಲವಂತೆ, ಸೆರಗು ಹೊದ್ದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೇ ಮನೆಗೆ ಹೋದಳಂತೆ. ಮರುದಿನ ನೀರಿನ ನಳದ ಹತ್ತಿರ ಹೆಂಗಸರು, “ಬಂದ್ಳು ನೋಡ್ರೇ ಮೊಬೈಲಿನ ಡಾಕ್ಟರು,” ಎಂದು ಕಿಸಕ್ಕನೆ ನಕ್ಕರಂತೆ.

ಅದಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

“ತಮ್ಮಾ, ನನ್ನ ಮಾತು ಯಾರೋ ಮೊಬೈಲಿನ್ಯಾಗ ಹಿಡದಾರಂತ. ಕುಬಸಕ್ಕ ಬಂದಾವರ ಪೈಕಿ ಯಾರೋ ಇರಬೇಕು. ನೀ ಇದರಾಗ ಶ್ಯಾಣ್ಯಾ ಅದಿ. ಅದನ್ನ ಎಲ್ಲಾರ ಮೊಬೈಲಿನಿಂದ ತಗಸಿಬಿಡು.”

“ಅದು ತಗಸಾಕ ಬರೂದಿಲ್ಲಬೇ ಅಕ್ಕಾ.”

“ಯಾಕ ಬರೂದಿಲ್ಲ? ನೀರ ಕುಡದ ಮೊಬೈಲ ಚಾಲೂ ಮಾಡ್ತಿ, ಇಷ್ಟ ಆಗೂದಿಲ್ಲಾ?” ಎಂದು ನನ್ನನ್ನೇ ನೋಡಿದಳು. ಅಷ್ಟು ನಂಬಿಕೆ ಆ ಕಣ್ಣಿನಲ್ಲಿ! ಆಗಲೇ ಹೇಳಬೇಕಿತ್ತು. ನಾನು ಸೋಲ್ಡರಿಂಗ್ ಕಡ್ಡಿ ಹಿಡಿದು, ಸುಡಬೇಕಾದ್ದೇನೂ ಇಲ್ಲದ ಬೋರ್ಡನ್ನು ಸುಡುತ್ತ ಕೂತೆ. “ನೋಡ್ತೀನಿ ತಗೋ,” ಎಂದೆ.

ನೋಡಿದೆ ಕೂಡ. ಅಂಗಡಿಗೆ ಬಂದ ಪ್ರತಿ ಮೊಬೈಲಿನಲ್ಲೂ ಅಕ್ಕನನ್ನು ಹುಡುಕಿ ಅಳಿಸಿದೆ. “ನನ್ನ ಕಾಮಿಡಿ ಎಲ್ಲೈತ್ರಿ?” ಎಂದು ಗಿರಾಕಿ ಜಗಳಕ್ಕೆ ನಿಂತರೆ “ವೈರಸ್ ಬಂದಿತ್ರಿ,” ಎನ್ನುತ್ತಿದ್ದೆ. ಆದರೆ ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಹುಟ್ಟುತ್ತಿತ್ತು.

ಕೊನೆಗೆ ಮಾವ ಬಂದ. ಮೊಬೈಲನ್ನು ಕೌಂಟರಿನ ಮೇಲಿಟ್ಟು, “ಇದಕ್ಕೇನೂ ಆಗಿಲ್ಲ,” ಎಂದ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. “ನಿಮ್ಮಕ್ಕ ಬುಟ್ಟಿ ತಗದು ಒಳಗ ಇಟ್ಟಾಳ. ನಾ ಮೊಬೈಲ ಅಡಗಿಮನಿಗೆ ಒಯ್ದೆ, ಬೈಲಿಲ್ಲ. ನಿನ್ನಿ ಬೇಕಂತ ರೊಟ್ಟಿ ಮಗ್ಗಲಕ್ಕ ಇಟ್ಟೆ. ಆಗೂ ಬೈಲಿಲ್ಲೋ. ಸಂಘಕ್ಕೂ ಹೋಗವಲ್ಲಳು. ನನಗ ಹೆದರಿಕಿ ಆಗೇತಿ.”

ಬೈಗುಳಕ್ಕೆ ಹೆದರುವ ಗಂಡಂದಿರನ್ನು ಕಂಡಿದ್ದೇನೆ. ಬೈಯಲಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡವನು ಅವನೊಬ್ಬನೇ. ಅಂಗಡಿಯ ಷಟರ್ ಎಳೆದು ಅವನ ಜೊತೆಗೇ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತೆ. ಬಸ್ಸಿನಲ್ಲಿ ಹೊಂದಿಸಿಟ್ಟುಕೊಂಡ ಮಾತೊಂದೂ ನೆನಪಾಗಲಿಲ್ಲ.

“ಅಕ್ಕಾ, ಅದನ್ನ ತಗದಾಂವ ನಾನ. ಮಂದಿಗೆ ಹಂಚಿದಾಂವನೂ ನಾನ. ಯಾರು ಈಕಿ ಅಂತ ಒಬ್ಬಾಂವ ಕೇಳಿದ. ಯಾರೋ ಏನೋ ಅಂದೆ.”

ಅಕ್ಕನ ಕೈ ಜೋಳದ ಮೇಲೆ ನಿಂತಿತು.

“ಯಾರೋ ಏನೋ ಅಂದಿ?”

“ಹೂಂ.”

ಅವಳು ಒಂದು ಹರಳು ಆರಿಸಿ ಹೊರಗೆ ಎಸೆದಳು. ಇನ್ನೊಂದು ಆರಿಸಿದಳು. ಬೈಯಲಿ, ಮೊರ ಎತ್ತಿ ಹೊಡೆಯಲಿ ಎಂದು ಕಾದೆ. ಬಾಗಿಲಲ್ಲಿ ನಿಂತಿದ್ದ ಮಾವ ಸದ್ದಿಲ್ಲದೆ ಹಿತ್ತಲಿಗೆ ಹೋದ.

“ತಗಿ, ತೋರಿಸು,” ಎಂದಳು ಅಕ್ಕ. “ಊರ ಮಂದಿ ಎಲ್ಲಾ ನೋಡ್ಯಾರ. ನಾ ಒಬ್ಬಾಕಿ ನೋಡಿಲ್ಲ. ಬರೇ ದನಿ ಕೇಳೇನಿ.”

ನನ್ನ ಮೊಬೈಲಿನಲ್ಲಿ ಅದು ಇನ್ನೂ ಇತ್ತು. ಎಲ್ಲರದರಲ್ಲಿ ಅಳಿಸಿದವನು ನನ್ನದರಲ್ಲಿ ಅಳಿಸಿರಲಿಲ್ಲ. ಹಚ್ಚಿ ಅವಳ ಮುಂದೆ ಹಿಡಿದೆ. ನಾನು ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿದೆ. ಬೈಗುಳ ಮುಗಿಯಿತು.

“ಇನ್ನೊಮ್ಮೆ ಹಚ್ಚು.”

ಹಚ್ಚಿದೆ. ಈ ಸಲ ತಿರುಗಿ ನೋಡಿದೆ. ಅಕ್ಕ ಬಗ್ಗಿ, ಮುಖವನ್ನು ಮೊಬೈಲಿನ ತೀರ ಹತ್ತಿರ ತಂದಿದ್ದಳು.

“ತಮ್ಮಾ, ಸಣ್ಣಾಂವಿದ್ದಾಗ ನೀ ದಿನಾ ಕೇಳ್ತಿದ್ದಿಯಲ್ಲಾ, ಅವ್ವ ಹೆಂಗಿದ್ಲು ಅಂತ? ನಮ್ಮಲ್ಲಿ ಆಕೀದೊಂದು ಫೋಟೋನೂ ಇಲ್ಲ. ಏನಂತ ಹೇಳಬೇಕು ನಾ? ಛಲೋ ಇದ್ಲು ಅಂತಿದ್ದೆ.”

ಅವಳ ಬೆರಳು ತೆರೆಯ ಮೇಲೆ, ಮುಟ್ಟದೆ, ಗಾಳಿಯಲ್ಲಿ ಓಡಾಡಿತು.

“ಹಿಂಗಿದ್ಲು ನೋಡು. ಸೆರಗು ಹಿಂಗ ಸಿಗಸ್ತಿದ್ಲು. ಸಿಟ್ಟ ಬಂದ್ರ ಹುಬ್ಬು ಹಿಂಗ ಏರಿಸ್ತಿದ್ಲು. ಬೈಯೂದಂತೂ ಇದ ದನಿ, ಇದ ದನಿ ತಮ್ಮಾ! ಕನ್ನಡಿ ಮುಂದ ನಿಂತು ಯಾರು ಬೈತಾರ? ನನಗ ಗೊತ್ತ ಇದ್ದಿದ್ದಿಲ್ಲ. ಇದು ನಾ ಅಲ್ಲೋ, ಅವ್ವ.”

ನಾನು ಲೆಕ್ಕ ಹಾಕಿದೆ. ಶೆಡ್ಡಿನಲ್ಲಿ ತೀರಿಕೊಂಡಾಗ ಅವ್ವನಿಗೆ ಎಷ್ಟು ವಯಸ್ಸೋ, ಅಕ್ಕನಿಗೆ ಈಗ ಹೆಚ್ಚುಕಡಿಮೆ ಅಷ್ಟೇ.

“ಅಳಸಲೇನು ಬೇ?” ಎಂದೆ.

“ಹುಚ್ಚ ಅದಿ ಏನು? ಅವ್ವ ಬೈಯಾಕತ್ತಾಳ, ಸುಮ್ಮ ಕುಂದ್ರು. ದನಿ ಜೋರ ಮಾಡು.”

ಜೋರು ಮಾಡಿದೆ. ಮೊರವನ್ನು ಪಕ್ಕಕ್ಕೆ ಸರಿಸಿ ಅಕ್ಕ ನನ್ನ ಹತ್ತಿರ ಬಂದು ಕೂತಳು. ಇಬ್ಬರೂ ತಲೆ ಬಗ್ಗಿಸಿಕೊಂಡು, ಬಾಯಿ ಮುಚ್ಚಿಕೊಂಡು, ಬೈಸಿಕೊಂಡೆವು.